ಸಾಲ ಮಾಡದೆ ಸಾವಿರಾರು ಮಕ್ಕಳನ್ನು ಸಾಕಿದ ಜಾರ್ಜ್ ಮುಲ್ಲರ್

ಚರ್ಚಿಗೆ ಹೋಗುವವರಲ್ಲಿ ಜಾರ್ಜ್ ಮುಲ್ಲರ್ ಅವರ ಹೆಸರು ಕೇಳದವರು ಕಡಿಮೆ. ಇಂಗ್ಲೆಂಡಿನ ಬ್ರಿಸ್ಟಲ್ ಪಟ್ಟಣದಲ್ಲಿ ಸಾವಿರಾರು ಅನಾಥ ಮಕ್ಕಳನ್ನು ಸಾಕಿದವರು, ಯಾರ ಮುಂದೆಯೂ ಕೈ ಚಾಚದೆ ಪ್ರಾರ್ಥನೆಯಿಂದಲೇ ಎಲ್ಲವನ್ನೂ ಪಡೆದವರು ಅಂತ ಪ್ರಸಂಗಗಳಲ್ಲಿ ಹೇಳ್ತಾರೆ. ಆದರೆ ಲೆಕ್ಕ ಬರೆಯುವುದನ್ನೇ ಹೊಟ್ಟೆಪಾಡು ಮಾಡಿಕೊಂಡ ನನ್ನಂಥವನಿಗೆ ಅವರ ಜೀವನದಲ್ಲಿ ಎದ್ದು ಕಾಣುವ ಸಂಗತಿ ಬೇರೆ. ಚಿಕ್ಕಂದಿನಲ್ಲಿ ಹಣ ಕದ್ದು, ಸುಳ್ಳು ಲೆಕ್ಕ ಬರೆದು, ಜೈಲಿಗೂ ಹೋಗಿ ಬಂದ ಮನುಷ್ಯ ಮುಂದೆ ಸುಮಾರು 15 ಲಕ್ಷ ಪೌಂಡ್ ಪರರ ಹಣವನ್ನು ಕೈಯಲ್ಲಿ ಹಿಡಿದು, ಪೆನ್ನಿ ಪೆನ್ನಿಗೂ ಲೆಕ್ಕ ಕೊಟ್ಟರು. ಈ ಬದಲಾವಣೆ ಹೇಗೆ ಆಯಿತು ಅನ್ನುವುದೇ ಅವರ ಕಥೆ.

ಕಾಲ ಕೆಳಗೆ ಸಿಕ್ಕ ನಾಣ್ಯ

ಮುಲ್ಲರ್ ಹುಟ್ಟಿದ್ದು 1805ರ ಸೆಪ್ಟೆಂಬರ್ 27ರಂದು, ಈಗಿನ ಜರ್ಮನಿಗೆ ಸೇರಿದ ಪ್ರಶ್ಯದ ಕ್ರೋಪ್ಪೆನ್‌ಸ್ಟೆಡ್ ಎಂಬ ಊರಿನಲ್ಲಿ. ಅಪ್ಪ ಸರಕಾರದ ತೆರಿಗೆ ವಸೂಲಿ ಅಧಿಕಾರಿ. ಮನೆಯಲ್ಲಿ ಸರಕಾರಿ ಹಣ ಇರ್ತಿತ್ತು. ಹತ್ತು ವರ್ಷ ತುಂಬುವ ಮೊದಲೇ ಹುಡುಗ ಅದರಿಂದ ಕದಿಯಲು ಕಲಿತ. ಲೆಕ್ಕ ತಾಳೆಯಾಗದ್ದನ್ನು ಕಂಡ ಅಪ್ಪ ಒಂದು ದಿನ ಸ್ವಲ್ಪ ಹಣ ಎಣಿಸಿ ಬೇಕಂತಲೇ ಇಟ್ಟು ಹೋದರು. ಹಣ ಮಾಯವಾಯಿತು. ಹುಡುಗನನ್ನು ತಪಾಸಣೆ ಮಾಡಿದಾಗ ಶೂ ಒಳಗೆ ಕಾಲಿನ ಅಡಿ ಸಿಕ್ಕಿತು. ಮಕ್ಕಳು ದುಡ್ಡು ನೋಡಿಕೊಳ್ಳಲು ಕಲಿಯಲಿ ಅಂತ ಅಪ್ಪ ಕೈಖರ್ಚಿಗೆ ಕೊಟ್ಟು ಲೆಕ್ಕ ಕೇಳ್ತಿದ್ದರು. ಆ ಲೆಕ್ಕವನ್ನೂ ಮಗ ಸುಳ್ಳೇ ಬರೀತಿದ್ದ.

14ನೇ ವಯಸ್ಸಿನಲ್ಲಿ ತಾಯಿ ತೀರಿಕೊಂಡರು. ಅವರು ಸಾಯುತ್ತಿದ್ದ ರಾತ್ರಿ ಮಗ ಬೇರೆ ಊರಿನ ಶಾಲೆಯಲ್ಲಿದ್ದ. ಸುದ್ದಿ ಗೊತ್ತಿಲ್ಲದೆ ಎರಡು ಗಂಟೆಯ ತನಕ ಇಸ್ಪೀಟು ಆಡಿಕೊಂಡಿದ್ದ. 16ನೇ ವಯಸ್ಸಿನಲ್ಲಿ ದೊಡ್ಡ ದೊಡ್ಡ ವಸತಿಗೃಹಗಳಲ್ಲಿ ಇಳಿದು ಬಿಲ್ ಕೊಡದೆ ಓಡಲು ನೋಡಿ ಸಿಕ್ಕಿಬಿದ್ದ. ಮೂರು ವಾರಕ್ಕೂ ಹೆಚ್ಚು ಕಾಲ ಜೈಲು. ಕೊನೆಗೆ ಅಪ್ಪನೇ ಹಣ ಕಟ್ಟಿ ಬಿಡಿಸಿಕೊಂಡು ಬಂದರು.

ಅಪ್ಪನಿಗೆ ಮಗ ಪಾದ್ರಿ ಆಗಬೇಕೆಂಬ ಆಸೆ. ಭಕ್ತಿಯಿಂದ ಅಲ್ಲ, ಪಾದ್ರಿಗೆ ಒಳ್ಳೆಯ ಮನೆ, ನಿಶ್ಚಿತ ವರಮಾನ ಇರ್ತದೆ ಅಂತ. ಹಾಗಾಗಿ ಹಾಲೆ ವಿಶ್ವವಿದ್ಯಾಲಯದಲ್ಲಿ ದೇವಶಾಸ್ತ್ರ ಓದಲು ಸೇರಿಸಿದರು. ಅಲ್ಲಿಯೂ ಹುಡುಗನ ಬುದ್ಧಿ ಬದಲಾಗಲಿಲ್ಲ. ಗೆಳೆಯರ ಜೊತೆ ಸ್ವಿಟ್ಜರ್ಲೆಂಡಿಗೆ ಪ್ರವಾಸ ಹೋದಾಗ ಎಲ್ಲರ ಹಣ ಇವನ ಹತ್ತಿರ. ತನ್ನ ಪಾಲಿಗೆ ಉಳಿದವರಿಗಿಂತ ಕಡಿಮೆ ಖರ್ಚು ಬೀಳುವ ಹಾಗೆ ಲೆಕ್ಕ ಹೊಂದಿಸಿದ. ರೂಮಿನ ಮೆಸ್ ಲೆಕ್ಕ ನೋಡಿಕೊಳ್ಳುವವನು ಮೋಸ ಮಾಡಿದರೆ ಹೇಗೋ ಹಾಗೆ. ಇದೆಲ್ಲ ನಮಗೆ ಗೊತ್ತಾದದ್ದು ಹೇಗೆ ಗೊತ್ತೆ? ಮುಂದೆ ಮುಲ್ಲರ್ ತಾವೇ ಬರೆದು ಅಚ್ಚು ಹಾಕಿಸಿದರು. ದಾನ ಕೊಡುವವರು ಓದುವ ಪುಸ್ತಕದಲ್ಲಿಯೇ ತಮ್ಮ ಕಳ್ಳತನವನ್ನೂ ಬರೆದರು.

ಒಂದು ಶನಿವಾರದ ಸಂಜೆ

1825ರ ನವೆಂಬರಿನ ಒಂದು ಶನಿವಾರ ಗೆಳೆಯನೊಬ್ಬ ಅವರನ್ನು ಒಬ್ಬ ವ್ಯಾಪಾರಿಯ ಮನೆಗೆ ಕರೆದುಕೊಂಡು ಹೋದ. ಅಲ್ಲಿ ಕೆಲವರು ಸೇರಿ ಹಾಡಿ, ಬೈಬಲ್ ಓದಿ, ಪ್ರಾರ್ಥನೆ ಮಾಡ್ತಿದ್ದರು. ಒಬ್ಬರು ಮೊಣಕಾಲೂರಿ ಪ್ರಾರ್ಥಿಸಿದರು. ದೇವಶಾಸ್ತ್ರದ ವಿದ್ಯಾರ್ಥಿಯಾದ ಮುಲ್ಲರ್ ಒಬ್ಬ ಮನುಷ್ಯ ಮೊಣಕಾಲೂರಿ ಪ್ರಾರ್ಥಿಸುವುದನ್ನು ನೋಡಿದ್ದು ಅದೇ ಮೊದಲು! ಆ ಮನೆಯವರು ಇವರ ಹಿಂದಿನ ಚರಿತ್ರೆ ಕೇಳಲಿಲ್ಲ, ಬನ್ನಿ ಅಂತ ಒಳಗೆ ಕೂರಿಸಿದರು ಅಷ್ಟೆ. ಕೃಪೆ ಅಂದರೆ ಇದೇ. ಯೋಗ್ಯತೆ ನೋಡಿ ಕೊಡುವುದಕ್ಕೆ ಕೂಲಿ ಅಂತಾರೆ. ಯೋಗ್ಯತೆ ಇಲ್ಲದವನಿಗೆ ಕೊಟ್ಟು ಅವನನ್ನು ಯೋಗ್ಯನಾಗಿ ಮಾಡುವುದು ಕೃಪೆ.

ಆಮೇಲೆ ಮುಲ್ಲರ್ ಮಿಷನರಿ ಆಗ್ತೇನೆ ಅಂತ ನಿಂತರು. ಅಪ್ಪನಿಗೆ ಸಿಟ್ಟು ಬಂತು. ಅಪ್ಪನ ಆಸೆ ನಡೆಸಿಕೊಡದ ಮೇಲೆ ಅವರ ಹಣ ತಗೊಳ್ಳುವುದು ಸರಿಯಲ್ಲ ಅಂತ ಮುಲ್ಲರ್ ಅಲ್ಲಿಂದ ಮುಂದೆ ಮನೆಯ ಹಣ ಮುಟ್ಟಲಿಲ್ಲ. 1829ರಲ್ಲಿ ಲಂಡನ್ನಿಗೆ ಬಂದರು. ಮರುವರ್ಷ ಟೇನ್‌ಮತ್ ಎಂಬ ಊರಿನ ಸಣ್ಣ ಸಭೆಗೆ ಪಾಲಕರಾಗಿ, ಮೇರಿ ಗ್ರೋವ್ಸ್ ಅವರನ್ನು ಮದುವೆಯಾದರು.

ಮೇರಿಯವರ ಅಣ್ಣ ಆಂಥೋನಿ ನಾರಿಸ್ ಗ್ರೋವ್ಸ್ ಅವರ ಬಗ್ಗೆ ನಾವು ಕೊಲ್ಲಿ ನಾಡಿನಲ್ಲಿ ಇರುವವರು ಒಂದು ಮಾತು ತಿಳಿದಿರಬೇಕು. ಅವರು ಎಕ್ಸೆಟರಿನಲ್ಲಿ ಚೆನ್ನಾಗಿ ಸಂಪಾದಿಸ್ತಿದ್ದ ಹಲ್ಲಿನ ವೈದ್ಯರು. ಅದನ್ನೆಲ್ಲ ಬಿಟ್ಟು 1829ರಲ್ಲಿ ಹೆಂಡತಿ ಮಕ್ಕಳ ಸಮೇತ ಬಾಗ್ದಾದಿಗೆ ಹೊರಟರು. 1831ರ ಪ್ಲೇಗಿನಲ್ಲಿ ಹೆಂಡತಿಯನ್ನು ಅಲ್ಲಿಯೇ ಮಣ್ಣು ಮಾಡಬೇಕಾಯಿತು. ಮುಂದೆ ಅವರು ಭಾರತಕ್ಕೆ ಬಂದು ಅನೇಕ ವರ್ಷ ದುಡಿದರು. ಇದ್ದದ್ದನ್ನು ಹಂಚಿ ಬದುಕಬೇಕು ಅನ್ನುವ ಅವರ ನಡೆ ಮುಲ್ಲರ್ ಮೇಲೆ ಬಹಳ ಪರಿಣಾಮ ಬೀರಿತು.

ಆ ಕಾಲದ ಚರ್ಚುಗಳಲ್ಲಿ ಮುಂದಿನ ಬೆಂಚಿಗೆ ಬಾಡಿಗೆ ಇತ್ತು. ಹಣವಂತರು ಮುಂದೆ, ಬಡವರು ಹಿಂದೆ. ಆ ಬಾಡಿಗೆಯಿಂದಲೇ ಪಾಲಕರ ಸಂಬಳ. ಮದುವೆಯಾದ ತಿಂಗಳಲ್ಲಿಯೇ ಮುಲ್ಲರ್ ಇದನ್ನು ಬೇಡ ಅಂದರು. ಸಂಬಳವೂ ಬೇಡ, ಮನಸ್ಸಿದ್ದವರು ಹಾಕಲಿ ಅಂತ ಸಭೆಯಲ್ಲಿ ಒಂದು ಪೆಟ್ಟಿಗೆ ಇಡಿಸಿದರು. ಯಾರು ಎಷ್ಟು ಹಾಕಿದರು ಅಂತ ಯಾರಿಗೂ ತಿಳಿಯುವ ಹಾಗಿಲ್ಲ.

ಮಕ್ಕಳನ್ನು ಕೇಳಲು ಮರೆತರು

1832ರಲ್ಲಿ ಮುಲ್ಲರ್ ದಂಪತಿ ಬ್ರಿಸ್ಟಲ್ಲಿಗೆ ಬಂದರು. ಆ ವರ್ಷ ಅಲ್ಲಿ ಕಾಲರಾ. ಅಪ್ಪ ಅಮ್ಮ ಇಲ್ಲದ ಮಕ್ಕಳು ಬೀದಿಯಲ್ಲಿ. ಹಾಲೆಯಲ್ಲಿ ಓದುವಾಗ ಅವರು ಫ್ರಾಂಕೆ ಎಂಬ ಭಕ್ತರು ಹಿಂದೆ ಕಟ್ಟಿಸಿದ್ದ ದೊಡ್ಡ ಅನಾಥಾಲಯ ನೋಡಿದ್ದರು. ಬ್ರಿಸ್ಟಲ್ಲಿನಲ್ಲಿಯೂ ಅಂಥದ್ದು ಮಾಡಬೇಕು ಅಂತ ಮನಸ್ಸು ಬಂತು. ಮಕ್ಕಳಿಗೆ ಆಸರೆ ಒಂದು ಕಾರಣ. ದೇವರು ಇವತ್ತಿಗೂ ಪ್ರಾರ್ಥನೆ ಕೇಳ್ತಾನೆ ಅಂತ ನಂಬಿಕೆ ಕುಗ್ಗಿದ ಜನಕ್ಕೆ ಕಣ್ಣಾರೆ ತೋರಿಸಬೇಕು ಅನ್ನುವುದು ಅದಕ್ಕಿಂತ ದೊಡ್ಡ ಕಾರಣ.

ಮನೆ, ಹಣ, ಪಾತ್ರೆ, ಬಟ್ಟೆ, ಕೆಲಸದವರು ಎಲ್ಲಕ್ಕೂ ಪ್ರಾರ್ಥನೆ ಮಾಡಿದರು. ಎಲ್ಲವೂ ಬಂತು. 1836ರ ಫೆಬ್ರವರಿಯಲ್ಲಿ ಅರ್ಜಿ ತಗೊಳ್ಳಲು ಕೂತರೆ ಒಂದು ಮಗುವೂ ಬರಲಿಲ್ಲ! ಯೋಚಿಸಿ ನೋಡಿದಾಗ, ಮಕ್ಕಳನ್ನು ಕಳಿಸು ಅಂತ ಮಾತ್ರ ಕೇಳಿರಲಿಲ್ಲ. ಅನಾಥ ಮಕ್ಕಳು ಹೇಗೂ ಬಂದೇ ಬರ್ತಾರೆ ಅಂತ ಅಂದುಕೊಂಡಿದ್ದರು. ಅವತ್ತು ಸಂಜೆ ಅದನ್ನೂ ಕೇಳಿದರು. ಮರುದಿನ ಮೊದಲ ಅರ್ಜಿ ಬಂತು. ಏಪ್ರಿಲಿನಲ್ಲಿ ವಿಲ್ಸನ್ ಬೀದಿಯ ಬಾಡಿಗೆ ಮನೆ ತೆರೆಯಿತು.

ಮೊದಮೊದಲು ದಾನ ಕೊಟ್ಟವರಲ್ಲಿ ಒಬ್ಬಳು ಹೊಲಿಗೆ ಮಾಡುವ ಬಡ ಹೆಣ್ಣುಮಗಳು. ಕಾಯಿಲೆ ದೇಹ, ವಾರಕ್ಕೆ ಕೆಲವೇ ಶಿಲ್ಲಿಂಗ್ ಸಂಪಾದನೆ. ಅಜ್ಜಿಯ ಕಡೆಯಿಂದ ಅವಳಿಗೆ 480 ಪೌಂಡ್ ಬಂದಿತ್ತು. ಅವಳ ಅಪ್ಪ ಕುಡಿತದಿಂದ ಸಾಲ ಮಾಡಿ ಸತ್ತಿದ್ದ. ಸಾಲಗಾರರು ಸ್ವಲ್ಪ ಭಾಗಕ್ಕೇ ಒಪ್ಪಿಕೊಂಡು ಬಿಟ್ಟಿದ್ದರು. ಆದರೂ ಅವಳು ಉಳಿದ ಸಾಲದಲ್ಲಿ ತನ್ನ ಪಾಲು ತೀರಿಸಿದಳು. ಅಮ್ಮನಿಗೆ 100 ಪೌಂಡ್ ಕೊಟ್ಟಳು. ಅನಾಥಾಲಯಕ್ಕೆ 100 ಪೌಂಡ್ ತಂದಳು. ಮುಲ್ಲರ್ ಕೂಡಲೇ ತಗೊಳ್ಳಲಿಲ್ಲ. ಅವಳನ್ನು ಕರೆಸಿ ಕೂರಿಸಿ, ಆವೇಶದಲ್ಲಿ ಕೊಡ್ತಿದ್ದಾಳೋ, ನಾಳೆ ಪಶ್ಚಾತ್ತಾಪ ಪಡ್ತಾಳೋ ಅಂತ ಸರಿಯಾಗಿ ವಿಚಾರಿಸಿದರು. ಅವಳ ಮನಸ್ಸು ಗಟ್ಟಿ ಇದೆ ಅಂತ ಖಾತ್ರಿ ಆದ ಮೇಲೆಯೇ ಒಪ್ಪಿದರು. ಹಣ ಬೇಕಾಗಿದ್ದವರು ಬಂದ ಹಣವನ್ನು ಬೇಡ ಅನ್ನಲು ತಯಾರಿದ್ದರು ಅನ್ನುವುದನ್ನು ಗಮನಿಸಿ.

ಉದ್ರಿ ಇಲ್ಲದ ಅಡುಗೆಮನೆ

ಹಾಲಿನ ಗಾಡಿ ಅನಾಥಾಲಯದ ಮುಂದೆಯೇ ಕೆಟ್ಟು ನಿಂತ ಕಥೆ ನೀವು ಕೇಳಿರ್ತೀರಿ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಅವರ ದಿನದ ಕ್ರಮ. 1838ರ ನಂತರ ಕೆಲವು ವರ್ಷ ಕೈಯಲ್ಲಿ ಒಂದು ದಿನದ ಖರ್ಚಿಗೆ ಮಾತ್ರ ಇರುವ ಪರಿಸ್ಥಿತಿ ಮತ್ತೆ ಮತ್ತೆ ಬಂತು. ಬೇಕರಿಯವರು, ಹಾಲಿನವರು ವಾರದ ಲೆಕ್ಕಕ್ಕೆ ಕೊಡಲು ತಯಾರಿದ್ದರು. ಅದನ್ನು ಅವರು ನಿಲ್ಲಿಸಿದರು. ವಾರದ ಕೊನೆಗೆ ಹಣ ಇಲ್ಲದಿದ್ದರೆ ಅಂಗಡಿಯವನಿಗೆ ಮೋಸ ಆಗ್ತದೆ ಅಂತ. ಕೈಯಲ್ಲಿ ಇದ್ದರೆ ತರುವುದು, ಇಲ್ಲದಿದ್ದರೆ ಪ್ರಾರ್ಥನೆ. ಅಲ್ಲಿ ಕೆಲಸ ಮಾಡುವವರೂ ತಮ್ಮ ಕೈಯಲ್ಲಿದ್ದ ಚಿಲ್ಲರೆ ತಂದು ಹಾಕ್ತಿದ್ದರು. ಗ್ರೋಸರಿ ಅಂಗಡಿಯ ಉದ್ರಿ ಪುಸ್ತಕದಲ್ಲಿ ತಿಂಗಳು ತಿಂಗಳೂ ಬಾಕಿ ಉಳಿಸಿಕೊಳ್ಳುವ ನಮಗೆ ಇದು ಎಷ್ಟು ಕಷ್ಟ ಅಂತ ಗೊತ್ತು.

ಬಂದ ಪ್ರತಿ ದಾನಕ್ಕೂ ರಸೀದಿ. ಹೆಸರು ಅಚ್ಚು ಹಾಕುವುದಿಲ್ಲ. ಇಂಥ ಕೆಲಸಕ್ಕೆ ಅಂತ ಕೊಟ್ಟ ಹಣ ಇನ್ನೊಂದಕ್ಕೆ ಹೋಗುವುದಿಲ್ಲ. ಪ್ರತಿವರ್ಷ ವರದಿ. ಇಲ್ಲಿ ಒಂದು ಪ್ರಶ್ನೆ ಬರ್ತದೆ, ಆ ಕಾಲದಲ್ಲಿಯೂ ಬಂದಿತ್ತು. ವರದಿ ಹಂಚುವುದೂ ಒಂದು ರೀತಿ ಕೇಳಿದ ಹಾಗೆಯೇ ಅಲ್ಲವೆ? 1841ರ ಡಿಸೆಂಬರಿನಲ್ಲಿ ವರದಿಯ ಸಭೆ ನಡೆಯಬೇಕಿತ್ತು. ಆಗ ಹಣ ತೀರಾ ಕಡಿಮೆ. ಈಗ ಸಭೆ ಕರೆದರೆ ಕಷ್ಟ ಹೇಳಿಕೊಂಡ ಹಾಗೆ ಆಗ್ತದೆ ಅಂತ ಮುಲ್ಲರ್ ಸಭೆಯನ್ನೇ ಮುಂದೂಡಿದರು. ಮಕ್ಕಳ ಊಟಕ್ಕೆ ಹಣ ಇಲ್ಲದ ದಿನಗಳಲ್ಲಿ ಬಾಯಿ ಮುಚ್ಚಿಕೊಂಡಿರಲು ಎಷ್ಟು ಧೈರ್ಯ ಬೇಕು ಯೋಚಿಸಿ.

1845ರಲ್ಲಿ ವಿಲ್ಸನ್ ಬೀದಿಯ ನೆರೆಯವರಿಂದ ದೂರು ಬಂತು. ಮಕ್ಕಳ ಗಲಾಟೆ, ನೀರಿನ ಕೊರತೆ, ಚರಂಡಿ ತುಂಬುವುದು. ಮುಲ್ಲರ್ ಸಿಟ್ಟಾಗಲಿಲ್ಲ, ಅವರ ಮಾತು ನ್ಯಾಯ ಅಂದರು. ಊರ ಹೊರಗೆ ಆಶ್ಲೀ ಡೌನ್ ಎಂಬಲ್ಲಿ ಜಾಗ ನೋಡಿದರು. ಎಕರೆಗೆ 200 ಪೌಂಡ್ ಹೇಳಿದ್ದ ಮಾಲೀಕ 120ಕ್ಕೆ ಕೊಟ್ಟರು. ಬೇಕಾದ ಹಣ ಕೈಗೆ ಬರುವವರೆಗೆ ಮುಲ್ಲರ್ ಕಟ್ಟಡದ ಕೆಲಸ ಶುರು ಮಾಡಿಸಲಿಲ್ಲ. 1849ರಲ್ಲಿ 300 ಮಕ್ಕಳ ಮೊದಲ ಮನೆ ತೆರೆಯಿತು. 1870ರ ಹೊತ್ತಿಗೆ ಐದು ದೊಡ್ಡ ಕಲ್ಲಿನ ಮನೆಗಳು, 2050 ಮಕ್ಕಳಿಗೆ ಜಾಗ. ಸಾಲ ಒಂದು ಪೆನ್ನಿಯೂ ಇಲ್ಲ.

ರಾತ್ರಿ ಪಾಳಿ ಮಾಡುವ ನಮ್ಮವರಿಗಾಗಿ ಒಂದು ಘಟನೆ ಹೇಳಲೇಬೇಕು. 1857ರ ನವೆಂಬರ್ ಕೊನೆ. ಮೊದಲ ಮನೆಯನ್ನು ಬಿಸಿಯಾಗಿಡುವ ಬಾಯ್ಲರ್ ಸೋರಲು ಶುರುವಾಯಿತು. ಸುತ್ತಲಿನ ಇಟ್ಟಿಗೆ ಒಡೆಯಬೇಕು, ಬೆಂಕಿ ಆರಿಸಬೇಕು. 300 ಮಕ್ಕಳು, ಅದರಲ್ಲಿ ಸಣ್ಣ ಕೂಸುಗಳು. ರಿಪೇರಿಗೆ ದಿನ ಗೊತ್ತು ಮಾಡಿದ ಮೇಲೆ ಕೊರೆಯುವ ಉತ್ತರದ ಗಾಳಿ ಬೀಸತೊಡಗಿತು. ಮುಲ್ಲರ್ ಎರಡು ವಿಷಯ ಕೇಳಿಕೊಂಡರು: ಗಾಳಿ ದಕ್ಷಿಣಕ್ಕೆ ತಿರುಗಲಿ, ಕೆಲಸಗಾರರಿಗೆ ಕೆಲಸ ಮಾಡುವ ಮನಸ್ಸು ಬರಲಿ. ಹಿಂದಿನ ದಿನ ಸಂಜೆಯ ತನಕ ಚಳಿಗಾಳಿಯೇ. ಗೊತ್ತು ಮಾಡಿದ ದಿನ ದಕ್ಷಿಣದ ಗಾಳಿ ಬೀಸಿತು, ಬೆಂಕಿ ಬೇಡವಾಯಿತು. ಸಂಜೆ ಮಾಲೀಕರು ಬಂದು ಕೆಲಸದವರು ತಡವಾಗಿ ಹೋಗಿ ನಾಳೆ ಬೇಗ ಬರ್ತಾರೆ ಅಂದರು. ಮೇಸ್ತ್ರಿ ಒಪ್ಪಲಿಲ್ಲ, ರಾತ್ರಿಯಿಡೀ ಮಾಡಿ ಮುಗಿಸ್ತೇವೆ ಅಂದ. ಮುಗಿಸಿಯೇ ಹೋದರು. ಕೈ ಮಸಿ ಮಾಡಿಕೊಂಡ ಆ ಕೂಲಿಯವರೂ ಮುಲ್ಲರ್ ಪಾಲಿಗೆ ಪ್ರಾರ್ಥನೆಯ ಉತ್ತರವೇ.

ಸತ್ತ ಮೇಲೆ ತಿಳಿದ ಲೆಕ್ಕ

1870ರಲ್ಲಿ ಮೇರಿ ತೀರಿಕೊಂಡರು. ಗಂಡು ಮಗು ಎಳೆಯದಿರುವಾಗಲೇ ಹೋಗಿತ್ತು. ಉಳಿದವಳು ಮಗಳು ಲಿಡಿಯಾ. ಮರುಮದುವೆ ಮಾಡಿಕೊಂಡು, 70ನೇ ವಯಸ್ಸಿನಲ್ಲಿ ಮುಲ್ಲರ್ ಹಡಗು ಹತ್ತಿದರು. 17 ವರ್ಷ ಸುಮಾರು 40 ದೇಶಗಳಲ್ಲಿ ಸುವಾರ್ತೆ ಹೇಳಿದರು. ಭಾರತಕ್ಕೂ ಬಂದಿದ್ದರು.

1898ರ ಮಾರ್ಚ್ 9ರ ಸಂಜೆ ಎಂದಿನಂತೆ ಪ್ರಾರ್ಥನಾ ಕೂಟ ನಡೆಸಿದರು. ಮರುದಿನ ಬೆಳಿಗ್ಗೆ ಚಹಾ ತಂದವರು ನೋಡಿದಾಗ ಪ್ರಾಣ ಹೋಗಿತ್ತು. ವಯಸ್ಸು 92. ಅವರ ಕಾಲದಲ್ಲಿ ಆ ಮನೆಗಳಲ್ಲಿ ಬೆಳೆದ ಮಕ್ಕಳು ಹತ್ತು ಸಾವಿರಕ್ಕೂ ಹೆಚ್ಚು. ಅಂತ್ಯಕ್ರಿಯೆಗೆ ಬ್ರಿಸ್ಟಲ್ಲಿನ ಬೀದಿಗಳಲ್ಲಿ ಸಾವಿರಾರು ಜನ ನಿಂತಿದ್ದರು.

ಅವರು ಬಿಟ್ಟು ಹೋದ ಸ್ವಂತ ಆಸ್ತಿ, ಮನೆಯ ಸಾಮಾನೂ ಸೇರಿ, ಸುಮಾರು 160 ಪೌಂಡ್. ಹಾಗಾದರೆ ಅವರ ಸ್ವಂತಕ್ಕೆ ಅಂತ ಜನ ಕೊಟ್ಟ ಹಣ ಎಲ್ಲಿ ಹೋಯಿತು? ವಾರ್ಷಿಕ ವರದಿಗಳಲ್ಲಿ ವರ್ಷ ವರ್ಷವೂ ಒಬ್ಬ ಹೆಸರಿಲ್ಲದ ದಾನಿ ಕಾಣಿಸ್ತಿದ್ದರು. ಯೇಸುವಿನ ಸೇವಕ ಅನ್ನುವ ಅರ್ಥದ ಗುರುತು ಮಾತ್ರ. ಅದು ಮುಲ್ಲರ್ ಅವರೇ ಅಂತ ಸತ್ತ ಮೇಲೆ ಎಲ್ಲರಿಗೂ ತಿಳಿಯಿತು. ಒಟ್ಟು ಕೂಡಿಸಿದಾಗ ಅವರು ಕೊಟ್ಟದ್ದು 81,000 ಪೌಂಡಿಗೂ ಮೇಲೆ.

ಅಪ್ಪನಿಗೆ ಸುಳ್ಳು ಲೆಕ್ಕ ಬರೆದು ದುಡ್ಡು ಬಚ್ಚಿಟ್ಟಿದ್ದ ಕೈ ಕೊನೆಗೆ ತನ್ನ ದಾನವನ್ನು ಬಚ್ಚಿಟ್ಟಿತು. ಕೃಪೆ ಮನುಷ್ಯನನ್ನು ಎಷ್ಟು ಬದಲಿಸ್ತದೆ ಅಂತ ಕೇಳಿದರೆ ನಾನು ಈ ಎರಡು ಲೆಕ್ಕಗಳನ್ನು ಪಕ್ಕಪಕ್ಕ ಇಟ್ಟು ತೋರಿಸ್ತೇನೆ.

ನಮ್ಮಲ್ಲಿ ಅನಾಥಾಲಯ ಕಟ್ಟುವವರು ಕಡಿಮೆ. ಆದರೆ ಪರರ ಹಣ ಎಲ್ಲರ ಕೈಗೂ ಬರ್ತದೆ. ರೂಮಿನ ಮೆಸ್ ಹಣ, ಚೀಟಿ ಹಣ, ಊರಿಗೆ ಹೋಗುವವನ ಕೈಯಲ್ಲಿ ಕಳಿಸಿದ ಹಣ, ಅಪಘಾತ ಆದವನ ಮನೆಯವರಿಗೆ ಅಂತ ಸಂಘದಲ್ಲಿ ಒಟ್ಟು ಮಾಡಿದ ಹಣ. ಅದನ್ನು ಕೊಟ್ಟ ಕೆಲಸಕ್ಕೇ ಮುಟ್ಟಿಸಿ, ಎಲ್ಲರಿಗೂ ಕಾಣುವ ಹಾಗೆ ಬರೆದಿಡುವುದೂ ದಾನವೇ. ಕ್ರೈಸ್ತರಾಗಲಿ, ಹಿಂದೂಗಳಾಗಲಿ, ಮುಸ್ಲಿಮರಾಗಲಿ, ದುಡಿದು ಕೊಟ್ಟವನ ಬೆವರು ಒಂದೇ. ಮುಂದಿನ ಸಲ ನಿಮ್ಮ ಕೈಗೆ ಅಂಥ ಹಣ ಬಂದಾಗ, ಮೊದಲು ಒಂದು ಪುಸ್ತಕ ತೆರೆದು ತಾರೀಕು ಹಾಕಿ ಬರೆದುಕೊಳ್ಳಿ. ಮುಲ್ಲರ್ ಅವರ ದಾರಿಯಲ್ಲಿ ಅಷ್ಟು ದೂರ ನಾವೆಲ್ಲರೂ ನಡೆಯಬಹುದು.