ಬಯಲುಸೀಮೆಗೆ ಬಂದ ಸಸ್ಯಶಾಸ್ತ್ರಜ್ಞ ಫ್ರಾನ್ಸಿಸ್ ಬುಕಾನನ್

ಸ್ಕಾಟ್ಲೆಂಡಿನಲ್ಲಿ 1762ರಲ್ಲಿ ಜನಿಸಿದ ಫ್ರಾನ್ಸಿಸ್ ಬುಕಾನನ್ ವೃತ್ತಿಯಿಂದ ವೈದ್ಯ, ಒಲವಿನಿಂದ ಸಸ್ಯಶಾಸ್ತ್ರಜ್ಞ. ಎಡಿನ್‌ಬರೋದಲ್ಲಿ ಜಾನ್ ಹೋಪ್ ಎಂಬ ಗುರುವಿನ ಪಾಠಗಳನ್ನು ಬರೆದುಕೊಂಡ ಹೊತ್ತಗೆಯೇ ಆತನ ವಿದ್ಯಾಧನ. 1785ರ ಸಮುದ್ರಯಾನದಲ್ಲಿ ಅದನ್ನು ಸಹಪ್ರಯಾಣಿಕನೊಬ್ಬನಿಗೆ ಎರವಲಿತ್ತನು. ಆ ಮಿತ್ರನು ಅದನ್ನು ಸತ್ಯಮಂಗಲದಲ್ಲಿ ಕಳೆದುಕೊಳ್ಳಲು, ಅದು ಟಿಪ್ಪುಸುಲ್ತಾನನ ಕೈಸೇರಿತು. ಹೊತ್ತಗೆಯ ಬೆಲೆಯನ್ನರಿತ ಸುಲ್ತಾನನು ಅದಕ್ಕೆ ಹೊಸ ರಟ್ಟು ಕಟ್ಟಿಸಿ ತನ್ನ ಗ್ರಂಥಭಂಡಾರದಲ್ಲಿರಿಸಿದನು. ಶ್ರೀರಂಗಪಟ್ಟಣ ಬಿದ್ದ ತರುವಾಯ, 1800ರಲ್ಲಿ, ಸೇನಾಧಿಕಾರಿಯೊಬ್ಬನು ಅದನ್ನು ಕಂಡು ಒಡೆಯನಿಗೆ ಮರಳಿಸಿದನು.

ಅದೇ ವರ್ಷ ಗವರ್ನರ್ ಜನರಲ್ ವೆಲ್ಲೆಸ್ಲಿಯ ಆಜ್ಞೆಯಂತೆ ಬುಕಾನನ್ ಮೈಸೂರು, ಕೆನರಾ, ಮಲಬಾರು ಸೀಮೆಗಳ ಸಮೀಕ್ಷೆಗೆಂದು ಮದರಾಸಿನಿಂದ ಹೊರಟನು. ಗೆದ್ದ ನಾಡಿನ ಹುಟ್ಟುವಳಿಯನ್ನರಿಯುವುದೇ ಕಂಪನಿಯ ಉದ್ದೇಶವಾಗಿತ್ತಲ್ಲದೆ, ನಾಡಿನ ಮೇಲಣ ಮಮತೆಯಲ್ಲ. ಆದರೂ ಬೇಸಾಯಗಾರರನ್ನೇ ವಿಚಾರಿಸಿ ಮಣ್ಣು, ಬೆಳೆ, ಕಾಡುಮರಗಳ ದೇಶೀಯ ಹೆಸರುಗಳನ್ನು ಬರೆದಿಟ್ಟದ್ದು ಆತನ ಹಿರಿಮೆ. 1801ರಲ್ಲಿ ಹರಿಹರಕ್ಕೂ, ಇಂದು ಆನೆಕೊಂಡವನ್ನು ತನ್ನೊಳಗೆ ಸೇರಿಸಿಕೊಂಡಿರುವ ದಾವಣಗೆರೆಗೂ ಬಂದನು. ಹರಿಹರದ ಸುತ್ತಣ ಎರೆಭೂಮಿಯ ಜೋಳ, ಹತ್ತಿಗಳನ್ನೂ ದಾವಣಗೆರೆಯ ಕಂಬಳಿ ವ್ಯಾಪಾರವನ್ನೂ ವಿವರವಾಗಿ ದಾಖಲಿಸಿದನು. ಈ ಸಂಚಾರದ ವೃತ್ತಾಂತವು ಮೂರು ಸಂಪುಟಗಳಲ್ಲಿ 1807ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು.

ಮುಂದೆ ನೇಪಾಳ, ಬಂಗಾಳಗಳಲ್ಲಿ ದುಡಿದು, 1814ರಲ್ಲಿ ಕಲ್ಕತ್ತೆಯ ಸಸ್ಯೋದ್ಯಾನದ ಮೇಲ್ವಿಚಾರಕನಾದನು. ಮರುವರ್ಷ ಸ್ವದೇಶಕ್ಕೆ ಹೊರಟಾಗ, ಬಹುಕಾಲ ಶ್ರಮಿಸಿ ಬರೆಯಿಸಿದ ಚಿತ್ರಗಳನ್ನು ಒಯ್ಯಗೊಡದೆ ಸರಕಾರವು ತಡೆಹಿಡಿಯಿತು. ಹಗೆಯೆನಿಸಿದ ಸುಲ್ತಾನನ ಭಂಡಾರದಲ್ಲಿ ಭದ್ರವಾಗುಳಿದಿದ್ದ ವಿದ್ಯೆಗೆ ತನ್ನವರಿಂದಲೇ ಬಂದ ಈ ವಿಘ್ನ ವಿಚಿತ್ರವೇ ಸರಿ.

1829ರಲ್ಲಿ ಸ್ವದೇಶದಲ್ಲಿ ಕಾಲವಾದನು. ನಮ್ಮ ಸಿಹಿ ಅಡಿಗೆಗಳಲ್ಲಿ ಬಳಸುವ ಚಾರೋಳಿಯ ಮರದ ಕುಲಕ್ಕೆ ಸಸ್ಯಶಾಸ್ತ್ರದಲ್ಲಿ ಬುಕನಾನಿಯ ಎಂಬುದು ಆತನ ನೆನಪಿನ ಹೆಸರು.