ಕುಮಾರಿ ರೇಚಲ್ ಕಾರ್ಸನ್

ಕಲ್ಯಾಣ, ಡೊಂಬಿವಲಿಗಳ ನಲ್ಲಿಗಳಲ್ಲಿ ಬರುವ ನೀರು ಉಲ್ಹಾಸ ನದಿಯದೆಂಬುದು ನಮ್ಮ ವಿದ್ಯಾರ್ಥಿಗಳಿಗೆ ತಿಳಿದದ್ದೇ. ಕರ್ಜತ್ ಕಡೆಯ ಗದ್ದೆಗಳ ಮೇಲೆ ಸುರಿದ ಮಳೆಯೂ ಅದೇ ನದಿಯನ್ನು ಸೇರುವುದು. ಹೊಲಕ್ಕೆ ಸಿಂಪಡಿಸಿದ ಕೀಟನಾಶಕವು ಮಳೆಯೊಡನೆ ಹರಿದು ಹೊಳೆಗೆ ಬಂದರೆ ಏನಾದೀತು? ಈ ಪ್ರಶ್ನೆಯನ್ನು ಜನಸಾಮಾನ್ಯರ ಮುಂದಿಟ್ಟವರಲ್ಲಿ ಅಗ್ರಗಣ್ಯರು ಅಮೆರಿಕೆಯ ಕುಮಾರಿ ರೇಚಲ್ ಕಾರ್ಸನ್.

ಅವರು 1907ನೆಯ ಇಸವಿ ಮೇ 27ರಂದು ಪೆನ್ಸಿಲ್ವೇನಿಯ ಸಂಸ್ಥಾನದ ಸ್ಪ್ರಿಂಗ್‌ಡೇಲಿನಲ್ಲಿ ಜನಿಸಿದರು. ಲೇಖಕಿಯಾಗಬೇಕೆಂದು ಕಾಲೇಜು ಸೇರಿದವರು ಪ್ರಾಣಿಶಾಸ್ತ್ರಕ್ಕೆ ಮನಸೋತರು; 1932ರಲ್ಲಿ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾನಿಲಯದ ಎಂ.ಎ. ಪದವಿ ಪಡೆದರು. 1935ರಲ್ಲಿ ತಂದೆ ತೀರಿಕೊಂಡುದರಿಂದ ಸಂಸಾರದ ಭಾರ ಹೆಗಲಿಗೆ ಬಂದಿತು. ಸರಕಾರದ ಮೀನುಗಾರಿಕೆ ಇಲಾಖೆಗೆ ರೇಡಿಯೋ ಭಾಷಣಗಳನ್ನು ಬರೆದುಕೊಡುತ್ತ ಜೀವನ ಸಾಗಿಸಿದರು. 1951ರಲ್ಲಿ ಸಮುದ್ರವನ್ನು ಕುರಿತು ಬರೆದ ಗ್ರಂಥವು ಅಪಾರ ಕೀರ್ತಿ ತಂದಿತು. ಮರುವರ್ಷವೇ ನೌಕರಿ ಬಿಟ್ಟರು.

ವಿಷದ ಲೆಕ್ಕ ಮೇಲುನೋಟಕ್ಕೆ ಸುಲಭ. ಒಂದು ಹೆಕ್ಟೇರ್ ಹೊಲಕ್ಕೆ 500 ಗ್ರಾಂ ಔಷಧ ಹೊಡೆದಿದೆ. ಅದರಲ್ಲಿ ನೂರಕ್ಕೆ ಒಂದು ಪಾಲು, ಅಂದರೆ 5 ಗ್ರಾಂ, ಮಳೆಗೆ ಕೊಚ್ಚಿಹೋಯಿತೆನ್ನೋಣ. ಹೊಲದಿಂದ 10 ಮಿಲಿಮೀಟರಿನಷ್ಟು ಮಳೆನೀರು ಹರಿದರೆ ಅದು ಒಂದು ಲಕ್ಷ ಲೀಟರ್. ಆಗ ಲೀಟರಿಗೆ 50 ಮೈಕ್ರೋಗ್ರಾಂ ವಿಷ. ಹೊಳೆಗೆ ಸೇರಿದ ಮೇಲೆ ಇನ್ನೂ ತೆಳುವಾದೀತು. ಇಷ್ಟಕ್ಕೆ ಭಯವೇಕೆ ಎಂದು ಪಂಡಿತರೂ ನಂಬಿದ್ದರು.

ಕಾರ್ಸನ್ ಅವರು ಕ್ಯಾಲಿಫೋರ್ನಿಯದ ಕ್ಲಿಯರ್ ಸರೋವರವನ್ನು ತೋರಿಸಿಕೊಟ್ಟರು. ಅಲ್ಲಿ ನುಸಿಗಳನ್ನು ಕೊಲ್ಲಲು ಡಿ.ಡಿ.ಟಿ.ಯ ಸೋದರಿಯಾದ ಡಿ.ಡಿ.ಡಿ.ಯನ್ನು 1949ರಿಂದ ಬೆರೆಸಿದ್ದರು. 1954ರಲ್ಲಿ ಅದರ ಪ್ರಮಾಣ ಐದು ಕೋಟಿ ಭಾಗ ನೀರಿಗೆ ಒಂದು ಭಾಗ ಮಾತ್ರ. ಎಂದರೆ ಹತ್ತು ಲಕ್ಷಕ್ಕೆ 0.02. ಆದರೆ ನೀರಿನ ಸೂಕ್ಷ್ಮಜೀವಿಗಳಲ್ಲಿ ಅದು ಹತ್ತು ಲಕ್ಷಕ್ಕೆ 5 ಭಾಗ ಸಿಕ್ಕಿತು. ಅವುಗಳನ್ನು ಮೀನು ತಿಂದು, ಮೀನನ್ನು ಗ್ರೀಬ್ ಎಂಬ ನೀರುಹಕ್ಕಿ ತಿಂದು, ಸತ್ತ ಹಕ್ಕಿಯ ಕೊಬ್ಬಿನಲ್ಲಿ 1600 ಭಾಗ! ಎಂಬತ್ತು ಸಾವಿರ ಪಟ್ಟು. ಸಾವಿರ ಜೋಡಿ ಹಕ್ಕಿಗಳಿದ್ದಲ್ಲಿ 1960ರ ಹೊತ್ತಿಗೆ ಸುಮಾರು ಮೂವತ್ತು ಜೋಡಿ ಉಳಿದವು.

ಇವೆಲ್ಲವನ್ನೂ ಒಳಗೊಂಡ ‘ಸೈಲೆಂಟ್ ಸ್ಪ್ರಿಂಗ್’ 1962ರಲ್ಲಿ ಹೊರಬಂದಿತು. ಔಷಧ ತಯಾರಕರು ಕೆರಳಿದರು. ಕೀಟನಾಶಕವೇ ಬೇಡವೆಂದು ಅವರು ಬರೆದಿರಲಿಲ್ಲ. ಬರೆದರೆಂದು ಹೇಳುವವರು ಇಂದಿಗೂ ಉಂಟು, ಪುಸ್ತಕ ಓದಿದವರಂತೆ ಕಾಣುವುದಿಲ್ಲ. 1963ರಲ್ಲಿ ಅಧ್ಯಕ್ಷ ಕೆನಡಿಯವರ ವಿಜ್ಞಾನ ಸಮಿತಿಯು ಅವರ ವಾದವನ್ನು ಬಹುಮಟ್ಟಿಗೆ ಎತ್ತಿಹಿಡಿಯಿತು. ಅಷ್ಟರಲ್ಲಿ ಅರ್ಬುದ ರೋಗವು ಅವರ ದೇಹವನ್ನು ವ್ಯಾಪಿಸಿತ್ತು. 1964ರ ಏಪ್ರಿಲ್ 14ರಂದು ತೀರಿಕೊಂಡಾಗ ವಯಸ್ಸು ಐವತ್ತಾರು. ಅಮೆರಿಕೆಯು 1972ರಲ್ಲಿ ಹೊಲಗಳಿಗೆ ಡಿ.ಡಿ.ಟಿ. ಹೊಡೆಯುವುದನ್ನು ನಿಷೇಧಿಸಿತು.

ಆದರೂ ನಮ್ಮ ಕನ್ನಡಿಗರೇ ಇರುವ ಕಾಸರಗೋಡು ಸೀಮೆಯಲ್ಲಿ 1970ರ ದಶಕದ ಕೊನೆಯಿಂದ 2000ದವರೆಗೆ ಗುಡ್ಡದ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯಲಾಯಿತು. ಗುಡ್ಡದ ನೀರು ಇಳಿಯುತ್ತಿದ್ದುದು ಪಡ್ರೆ ಮೊದಲಾದ ಹಳ್ಳಿಗಳ ತೋಡು, ಸುರಂಗಗಳಿಗೆ. ಮಕ್ಕಳ ಅಂಗವೈಕಲ್ಯಕ್ಕೆ ಇದೇ ಕಾರಣವೆಂದು ಜನ ಹೋರಾಡಿದರು. 2011ರಲ್ಲಿ ಸುಪ್ರೀಂ ಕೋರ್ಟು ಆ ಔಷಧವನ್ನು ದೇಶದಲ್ಲೆಲ್ಲ ತಡೆಯಿತು; 2017ರಲ್ಲಿ ಪೀಡಿತರಿಗೆ ತಲಾ ಐದು ಲಕ್ಷ ರೂಪಾಯಿ ಕೊಡುವಂತೆ ಕೇರಳ ಸರಕಾರಕ್ಕೆ ಆಜ್ಞಾಪಿಸಿತು.