ಸೈಕ್ಲೋನ್ ಎಂಬ ಪದ ಕೊಟ್ಟ ಕಪ್ತಾನ: ಹೆನ್ರಿ ಪಿಡಿಂಗ್ಟನ್

ಮಕ್ಕಳೇ, ಮಳೆಗಾಲದಲ್ಲಿ ದೊಡ್ಡವರ ಜೊತೆ ಕೆಮ್ಮಣ್ಣಿನ ತೂಗುಸೇತುವೆಯ ಮೇಲೆ ನಿಂತು ಸ್ವರ್ಣಾ ನದಿಯನ್ನು ನೋಡಿದ್ದೀರಾ? ಕೆಂಪು ನೀರು ರಭಸದಿಂದ ಹರಿಯುವಾಗ ಅಲ್ಲಲ್ಲಿ ಸುಳಿಗಳು ಏಳುತ್ತವೆ. ತೇಲಿ ಬಂದ ಎಲೆಯೋ ಕಡ್ಡಿಯೋ ಸುಳಿಗೆ ಸಿಕ್ಕಿದರೆ ಗರಗರನೆ ಸುತ್ತುತ್ತದೆ. ಕೆಲವು ಸುಳಿಗಳು ಒಂದೇ ಕಡೆ ನಿಲ್ಲುವುದಿಲ್ಲ. ಸುತ್ತುತ್ತಲೇ ನೀರಿನ ಜೊತೆಗೆ ಮುಂದಕ್ಕೂ ಸಾಗುತ್ತವೆ. ಈ ಚಿತ್ರ ನಿಮ್ಮ ಮನಸ್ಸಿನಲ್ಲಿರಲಿ. ಇಂದಿನ ಕಥೆಗೆ ಅದು ಬೇಕು.

ನಮ್ಮ ಜಿಲ್ಲೆಯ ಶಾಲೆಗಳಿಗೆ ಹೋದಾಗ ನಾನು ಮಕ್ಕಳಿಗೆ ಒಂದು ಪ್ರಶ್ನೆ ಕೇಳುವುದುಂಟು. ಇಂದಿನ ಹವಾಮಾನ ಹೇಗಿದೆ, ಇಂಗ್ಲಿಷಿನಲ್ಲಿ ಹೇಳಿ ಎಂದು. ಗೋಡೆಯ ಮೇಲಿನ ಹವಾಮಾನ ಪಟ್ಟಿ ನೋಡಿ ಮಕ್ಕಳು ಸನ್ನಿ, ಕ್ಲೌಡಿ, ರೈನಿ, ವಿಂಡಿ ಎಂದು ಥಟ್ಟನೆ ಹೇಳುತ್ತಾರೆ. ಸಂತೋಷವೇ. ಆದರೆ ಸಂಜೆ ಕಡಲಿನಿಂದ ಬೀಸುವ ತಂಪು ಗಾಳಿಯೂ ವಿಂಡಿ, ತೆಂಗಿನ ಮರವನ್ನು ಉರುಳಿಸುವ ಬಿರುಗಾಳಿಯೂ ವಿಂಡಿ ಆದರೆ ಹೇಗೆ? ಎರಡಕ್ಕೂ ಒಂದೇ ಪದವಿದ್ದರೆ ಯಾವಾಗ ದೋಣಿ ಇಳಿಸಬೇಕು, ಯಾವಾಗ ಇಳಿಸಬಾರದು ಎಂಬುದು ತಿಳಿಯುವುದಿಲ್ಲ. ಸರಿಯಾದ ಪದ ಎಂದರೆ ಬರೀ ಪರೀಕ್ಷೆಯ ಅಂಕವಲ್ಲ, ಅದು ಜೀವ ಉಳಿಸುವ ಸಾಧನವೂ ಹೌದು. ಹಾಗೆ ನಂಬಿದ್ದ ಒಬ್ಬ ಹಡಗಿನ ಕಪ್ತಾನ ನಮ್ಮ ದೇಶದಲ್ಲೇ ಕುಳಿತು ಇಂಗ್ಲಿಷ್ ಭಾಷೆಗೆ ಒಂದು ಪದ ಕೊಟ್ಟನು. ಆ ಪದವೇ ಸೈಕ್ಲೋನ್. ಕನ್ನಡದಲ್ಲಿ ನಾವು ಅದನ್ನು ಚಂಡಮಾರುತ ಎನ್ನುತ್ತೇವೆ.

ಕಡಲಿನಿಂದ ಕಲ್ಕತ್ತಾಕ್ಕೆ

ಹೆನ್ರಿ ಪಿಡಿಂಗ್ಟನ್ ಹುಟ್ಟಿದ್ದು 1797ರ ಜನವರಿ 7ರಂದು, ಇಂಗ್ಲೆಂಡಿನ ಸಸೆಕ್ಸ್ ಪ್ರಾಂತ್ಯದ ಅಕ್‌ಫೀಲ್ಡ್ ಎಂಬ ಊರಿನಲ್ಲಿ. ಬೆಳೆದ ಮೇಲೆ ವ್ಯಾಪಾರದ ಹಡಗುಗಳಲ್ಲಿ ದುಡಿದು ಕಪ್ತಾನನಾದನು. ಭಾರತ ಮತ್ತು ಚೀನಾದ ಕಡೆಗೆ ಹಡಗು ನಡೆಸಿದನು. ಆಗ ಹಡಗುಗಳಿಗೆ ಹಾಯಿಯೇ ಆಧಾರ. ಗಾಳಿ ಒಲಿದರೆ ಪ್ರಯಾಣ, ಮುನಿದರೆ ಮರಣ.

ನಂತರ ಪಿಡಿಂಗ್ಟನ್ ಸಮುದ್ರದ ಕೆಲಸ ಬಿಟ್ಟು ಕಲ್ಕತ್ತಾದಲ್ಲಿ ನೆಲೆಸಿದನು. ಅವನ ಆಸಕ್ತಿಗೆ ಎಲ್ಲೆಯೇ ಇರಲಿಲ್ಲ. ಗಿಡಮರ, ಮಣ್ಣು, ಖನಿಜ ಎಲ್ಲವನ್ನೂ ಪರೀಕ್ಷಿಸಿದನು. 1832ರಲ್ಲಿ ಭಾರತದ ಸಸ್ಯಗಳ ಹೆಸರುಗಳ ಒಂದು ಇಂಗ್ಲಿಷ್ ಸೂಚಿಯನ್ನು ಪ್ರಕಟಿಸಿದನು. ಮುಂದೆ ಕಲ್ಕತ್ತಾದ ಭೂವಿಜ್ಞಾನ ವಸ್ತುಸಂಗ್ರಹಾಲಯದ ಮೇಲ್ವಿಚಾರಕನಾದನು. ಹಡಗು ಅಪಘಾತಗಳನ್ನು ವಿಚಾರಿಸುವ ನ್ಯಾಯಮಂಡಳಿಯ ಅಧ್ಯಕ್ಷನೂ ಆದನು. ಹೀಗಾಗಿ ಹಡಗುಗಳು ಏಕೆ ಮುಳುಗುತ್ತವೆ ಎಂಬ ಪ್ರಶ್ನೆ ಅವನ ಮೇಜಿನ ಮೇಲೆ ಸದಾ ಇರುತ್ತಿತ್ತು.

ಬಿದ್ದ ಮರಗಳು ಹೇಳಿದ ಗುಟ್ಟು

ಆ ಕಾಲದಲ್ಲಿ ಬಿರುಗಾಳಿ ನೇರವಾಗಿ ಬೀಸುತ್ತದೆ ಎಂದೇ ಹೆಚ್ಚಿನವರು ತಿಳಿದಿದ್ದರು. 1821ರಲ್ಲಿ ಅಮೆರಿಕದಲ್ಲಿ ಒಂದು ದೊಡ್ಡ ಬಿರುಗಾಳಿ ಬೀಸಿತು. ವಿಲಿಯಂ ರೆಡ್‌ಫೀಲ್ಡ್ ಎಂಬಾತ ಅದು ಹಾದುಹೋದ ದಾರಿಯಲ್ಲಿ ಪ್ರಯಾಣ ಮಾಡಿದನು. ಒಂದು ಕಡೆ ಮರಗಳೆಲ್ಲ ವಾಯವ್ಯಕ್ಕೆ ತಲೆಮಾಡಿ ಬಿದ್ದಿದ್ದವು. ಸ್ವಲ್ಪ ದೂರ ಹೋದರೆ ಅದಕ್ಕೆ ಸರಿಯಾಗಿ ವಿರುದ್ಧವಾಗಿ, ಆಗ್ನೇಯಕ್ಕೆ ಬಿದ್ದಿದ್ದವು! ಒಂದೇ ಗಾಳಿ ಎರಡು ವಿರುದ್ಧ ದಿಕ್ಕಿಗೆ ಬೀಸಲು ಹೇಗೆ ಸಾಧ್ಯ? ಗಾಳಿ ಸುಳಿಯಂತೆ ಸುತ್ತುತ್ತಿದ್ದರೆ ಮಾತ್ರ ಸಾಧ್ಯ. ಅನಂತರ ವಿಲಿಯಂ ರೀಡ್ ಎಂಬ ಎಂಜಿನಿಯರ್ ಇದೇ ವಿಚಾರವನ್ನು ಇನ್ನಷ್ಟು ಪರಿಶೀಲಿಸಿ 1838ರಲ್ಲಿ ಒಂದು ಪುಸ್ತಕ ಬರೆದನು.

ಈ ವಿಚಾರ ಪಿಡಿಂಗ್ಟನ್‌ನ ಮನಸ್ಸನ್ನು ಸೆಳೆಯಿತು. 1839ರ ಜೂನ್ ತಿಂಗಳ ಮೊದಲ ವಾರದಲ್ಲಿ ಬಂಗಾಳ ಕೊಲ್ಲಿಯಲ್ಲಿ ದೊಡ್ಡ ಬಿರುಗಾಳಿ ಎದ್ದಿತು. ಅವನು ಬೇರೆ ಬೇರೆ ಹಡಗುಗಳ ದಿನಚರಿ ಪುಸ್ತಕಗಳನ್ನು ತರಿಸಿಕೊಂಡನು. ಇವುಗಳಿಗೆ ಲಾಗ್ ಬುಕ್ ಎನ್ನುತ್ತಾರೆ. ಯಾವ ಹೊತ್ತಿಗೆ ಹಡಗು ಎಲ್ಲಿತ್ತು, ಗಾಳಿ ಯಾವ ದಿಕ್ಕಿನಿಂದ ಬೀಸುತ್ತಿತ್ತು, ವಾಯುಭಾರಮಾಪಕ ಎಷ್ಟು ತೋರಿಸುತ್ತಿತ್ತು ಎಂಬುದೆಲ್ಲ ಅವುಗಳಲ್ಲಿ ಇರುತ್ತಿತ್ತು. ಅವನ್ನೆಲ್ಲ ನಕ್ಷೆಯ ಮೇಲೆ ಗುರುತಿಸಿದಾಗ ಗಾಳಿ ಸುತ್ತುತ್ತಿದ್ದುದು ಕಂಡುಬಂತು. ಅಂದು ಆರಂಭಿಸಿದ ಈ ಕೆಲಸವನ್ನು ಅವನು ಸುಮಾರು 20 ವರ್ಷ ನಡೆಸಿದನು. ಬಿರುಗಾಳಿಗಳ ಬಗ್ಗೆ ಅವನು ಬರೆದ ಸರಣಿ ಲೇಖನಗಳು ಬಂಗಾಳದ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟವಾದವು.

1845ರ ಫೆಬ್ರವರಿಯಲ್ಲಿ ಚಾರ್ಲ್ಸ್ ಹೆಡ್ಲ್ ಎಂಬ ಹಡಗು ಮಾರಿಷಸ್ ಬಳಿ ಬಿರುಗಾಳಿಗೆ ಸಿಕ್ಕಿತು. ಗಾಳಿ ನೂಕಿದ ಕಡೆಗೆ ಹಡಗು ದಿನಗಟ್ಟಲೆ ಓಡಿತು. ಅದರ ಲಾಗ್ ಬುಕ್ ಪಿಡಿಂಗ್ಟನ್‌ನ ಕೈಗೆ ಬಂತು. ನಕ್ಷೆಯಲ್ಲಿ ದಾರಿ ಗುರುತಿಸಿ ನೋಡಿದರೆ ಆ ಹಡಗು ಸುಳಿಗೆ ಸಿಕ್ಕ ಕಡ್ಡಿಯಂತೆ ಮತ್ತೆ ಮತ್ತೆ ಸುತ್ತು ಹಾಕಿತ್ತು! ಬಿರುಗಾಳಿಯೂ ತನ್ನ ದಾರಿಯಲ್ಲಿ ಮುಂದೆ ಸಾಗಿತ್ತು. ಸ್ವರ್ಣಾ ನದಿಯ ಸುಳಿ ನೆನಪಾಯಿತೇ?

ಹೊಸ ಪದ ಏಕೆ ಬೇಕಾಯಿತು?

ಇಂಗ್ಲಿಷಿನಲ್ಲಿ ಗಾಳಿಗೆ ಪದಗಳು ಕಡಿಮೆ ಇರಲಿಲ್ಲ. ಬ್ರೀಜ್, ಗೇಲ್, ಸ್ಟಾರ್ಮ್ ಎಂಬ ಪದಗಳಿದ್ದವು. ಅಮೆರಿಕದ ಕಡೆಯ ಸಮುದ್ರದಲ್ಲಿ ಹರಿಕೇನ್ ಎಂದೂ ಚೀನಾದ ಕಡೆಯ ಸಮುದ್ರದಲ್ಲಿ ಟೈಫೂನ್ ಎಂದೂ ಹೇಳುತ್ತಿದ್ದರು. ಆದರೆ ಗೇಲ್, ಸ್ಟಾರ್ಮ್ ಎಂದರೆ ಗಾಳಿಯ ಜೋರು ಮಾತ್ರ ತಿಳಿಯುತ್ತದೆ. ಅದು ನೇರ ಬೀಸುತ್ತದೋ ಸುತ್ತುತ್ತದೋ ತಿಳಿಯುವುದಿಲ್ಲ. ನಾವಿಕನಿಗೆ ಬೇಕಾಗಿದ್ದುದು ಅದೇ. ನೇರ ಬೀಸುವ ಗಾಳಿಯಾದರೆ ಅದರ ಜೊತೆಗೇ ಓಡಿ ಪಾರಾಗಬಹುದು. ಸುತ್ತುವ ಗಾಳಿಯಾದರೆ ಮೊದಲು ಅದರ ನಡು ಎಲ್ಲಿದೆ ಎಂದು ತಿಳಿದು ಅದರಿಂದ ದೂರ ಸರಿಯಬೇಕು.

ಹಾಗಾಗಿ ಪಿಡಿಂಗ್ಟನ್ ಸುತ್ತುವ ಗುಣವನ್ನು ಹೇಳುವ ಒಂದು ಪದ ಬೇಕೆಂದನು. ಗ್ರೀಕ್ ಭಾಷೆಯಲ್ಲಿ ಚಕ್ರಕ್ಕೂ ಹಾವಿನ ಸುರುಳಿಗೂ ಹೇಳುವ ಪದದಿಂದ ಸೈಕ್ಲೋನ್ ಎಂಬ ಪದವನ್ನು ರೂಪಿಸಿದನು. ಹಾವು ಸುರುಳಿ ಸುತ್ತಿ ಮಲಗಿದಾಗ ಪೂರ್ಣ ವೃತ್ತ ಆಗುವುದಿಲ್ಲ, ಒಳಗೊಳಗೆ ಸುತ್ತಿಕೊಂಡಿರುತ್ತದೆ. ಇಂದು ಉಪಗ್ರಹಗಳು ತೆಗೆದ ಚಿತ್ರಗಳಲ್ಲಿ ಚಂಡಮಾರುತದ ಮೋಡಗಳು ಹಾಗೆಯೇ ಕಾಣುತ್ತವೆ. ಮೇಲಿನಿಂದ ನೋಡುವ ಸಾಧನವೇ ಇಲ್ಲದ ಕಾಲದಲ್ಲಿ, ಲಾಗ್ ಬುಕ್‌ಗಳನ್ನು ಓದಿಯೇ ಅವನು ಇಷ್ಟು ಸರಿಯಾದ ಹೆಸರಿಟ್ಟದ್ದು ಆಶ್ಚರ್ಯವಲ್ಲವೇ?

ಕೊಂಬಿನ ಹಾಳೆಯ ಪುಸ್ತಕ

ಪಂಡಿತರಿಗೆ ಮಾತ್ರ ತಿಳಿದರೆ ಸಾಲದು, ನಾವಿಕರಿಗೆ ತಿಳಿಯಬೇಕು ಎಂಬುದು ಅವನ ಆಸೆ. 1848ರಲ್ಲಿ ಅವನು ನಾವಿಕರಿಗಾಗಿ ಬಿರುಗಾಳಿಯ ನಿಯಮಗಳನ್ನು ಕುರಿತು ಒಂದು ಪುಸ್ತಕ ಬರೆದನು. ಅದಕ್ಕೆ ಹಾರ್ನ್‌ಬುಕ್ ಎಂದು ಹೆಸರಿಟ್ಟನು. ಹಿಂದೆ ಇಂಗ್ಲೆಂಡಿನಲ್ಲಿ ಮಕ್ಕಳು ಅಕ್ಷರ ಕಲಿಯುವ ಹಲಗೆಯ ಮೇಲೆ ಹರಿಯದಂತೆ ಪ್ರಾಣಿಯ ಕೊಂಬಿನಿಂದ ಮಾಡಿದ ಪಾರದರ್ಶಕ ತೆಳು ಹಾಳೆ ಅಂಟಿಸುತ್ತಿದ್ದರು. ಅದೇ ಹಾರ್ನ್‌ಬುಕ್. ಅಂದರೆ ಇದು ನಾವಿಕರ ಅಕ್ಷರಮಾಲೆ!

ಈ ಪುಸ್ತಕದ ಜೊತೆಯಲ್ಲೂ ಎರಡು ಪಾರದರ್ಶಕ ಕೊಂಬಿನ ಹಾಳೆಗಳಿದ್ದವು. ಒಂದರಲ್ಲಿ ಭೂಮಿಯ ಉತ್ತರಾರ್ಧದ ಬಿರುಗಾಳಿ. ಅಲ್ಲಿ ಗಾಳಿ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ಸುತ್ತುತ್ತದೆ. ಇನ್ನೊಂದರಲ್ಲಿ ದಕ್ಷಿಣಾರ್ಧದ್ದು. ಅಲ್ಲಿ ಗಡಿಯಾರದ ಮುಳ್ಳಿನಂತೆ ಸುತ್ತುತ್ತದೆ. ಹಾಳೆಯನ್ನು ನಕ್ಷೆಯ ಮೇಲಿಟ್ಟು ಸರಿಸಿದರೆ ಬಿರುಗಾಳಿಯ ನಡು ಎಲ್ಲಿದೆ ಎಂದು ಕಪ್ತಾನನಿಗೆ ತಿಳಿಯುತ್ತಿತ್ತು. ಭೂಮಿ ತನ್ನ ಅಕ್ಷದ ಸುತ್ತ ತಿರುಗುವುದೇ ಈ ವ್ಯತ್ಯಾಸಕ್ಕೆ ಕಾರಣವೆಂದು ಈಗ ನಮಗೆ ಗೊತ್ತಿದೆ.

ಕೇಳಿಸಿಕೊಳ್ಳದ ಎಚ್ಚರಿಕೆ

ಚಂಡಮಾರುತದ ಗಾಳಿಗಿಂತಲೂ ಅದು ದಡಕ್ಕೆ ನೂಕುವ ಕಡಲ ನೀರು ಹೆಚ್ಚು ಅಪಾಯಕಾರಿ. 1789ರಲ್ಲಿ ಆಂಧ್ರದ ಕರಾವಳಿಯ ಕೋರಿಂಗ ಎಂಬ ಬಂದರಿನ ಮೇಲೆ ಹೀಗೆ ನುಗ್ಗಿದ ನೀರಿಗೆ ಸುಮಾರು 20,000 ಜನ ಬಲಿಯಾದರೆಂದು ಅಂದಾಜು. ಪಿಡಿಂಗ್ಟನ್ ಈ ದುರಂತವನ್ನು ದಾಖಲಿಸಿದ್ದನು.

ಆಗ ಸರ್ಕಾರ ಬಂಗಾಳದ ಸುಂದರಬನ ಪ್ರದೇಶದಲ್ಲಿ ಮಾತ್ಲಾ ನದಿಯ ದಡದಲ್ಲಿ ಹೊಸ ಬಂದರು ಕಟ್ಟಲು ಯೋಚಿಸಿತ್ತು. 1853ರಲ್ಲಿ ಪಿಡಿಂಗ್ಟನ್ ಗವರ್ನರ್ ಜನರಲ್ ಡಾಲ್‌ಹೌಸಿಗೆ ಒಂದು ಬಹಿರಂಗ ಪತ್ರ ಬರೆದನು. ಒಂದು ದಿನ ಚಂಡಮಾರುತ ಬಂದು 5ರಿಂದ 15 ಅಡಿ ಉಪ್ಪು ನೀರು ಊರನ್ನೇ ಮುಳುಗಿಸಬಹುದು, ಅಲ್ಲಿ ಬಂದರು ಬೇಡ ಎಂಬುದು ಪತ್ರದ ಸಾರ. ಅವನ ಮಾತಿಗೆ ಬೆಲೆ ಸಿಗಲಿಲ್ಲ. 1858ರ ಏಪ್ರಿಲ್ 7ರಂದು ಪಿಡಿಂಗ್ಟನ್ ಕಲ್ಕತ್ತಾದಲ್ಲಿ ತೀರಿಕೊಂಡನು. ಕ್ಯಾನಿಂಗ್ ಎಂಬ ಹೆಸರಿನ ಬಂದರು ಎದ್ದಿತು, ರೈಲೂ ಬಂತು. 1867ರ ನವೆಂಬರ್ 1ರಂದು ಚಂಡಮಾರುತ ಬಡಿದು ಕಡಲ ನೀರು ಬಂದರಿಗೆ ನುಗ್ಗಿತು. ಕೆಲವೇ ವರ್ಷಗಳಲ್ಲಿ ಬಂದರನ್ನು ಕೈಬಿಡಬೇಕಾಯಿತು.

ಅದಕ್ಕೂ ಮೊದಲು, 1864ರಲ್ಲಿ, ಕಲ್ಕತ್ತಾಕ್ಕೇ ಭೀಕರ ಚಂಡಮಾರುತ ಬಡಿದು ಸಾವಿರಾರು ಜನ ಸತ್ತಿದ್ದರು. ಇದಾದ ಮೇಲೆ ಸರ್ಕಾರ ಎಚ್ಚೆತ್ತಿತು. 1865ರಲ್ಲಿ ಕಲ್ಕತ್ತಾ ಬಂದರಿನಲ್ಲಿ ಬಿರುಗಾಳಿಯ ಮುನ್ನೆಚ್ಚರಿಕೆ ಕೊಡುವ ವ್ಯವಸ್ಥೆ ಬಂತು. 1875ರಲ್ಲಿ ಭಾರತ ಹವಾಮಾನ ಇಲಾಖೆ ಸ್ಥಾಪನೆಯಾಯಿತು.

ನಮ್ಮ ಕಡಲಿಗೆ ಬಂದ ಪದ

ಇಂದು ಹವಾಮಾನ ಇಲಾಖೆ ಪ್ರತಿಯೊಂದು ಪದಕ್ಕೂ ಅಳತೆ ಇಟ್ಟಿದೆ. ಕಡಲ ಮೇಲಿನ ಸುತ್ತುಗಾಳಿಯ ವೇಗ ಗಂಟೆಗೆ 31ರಿಂದ 49 ಕಿ.ಮೀ. ಇದ್ದರೆ ಡಿಪ್ರೆಶನ್, ಅಂದರೆ ವಾಯುಭಾರ ಕುಸಿತ. 50ರಿಂದ 61 ಕಿ.ಮೀ. ಇದ್ದರೆ ಡೀಪ್ ಡಿಪ್ರೆಶನ್. 62 ಕಿ.ಮೀ. ಮುಟ್ಟಿದರೆ ಸೈಕ್ಲೋನಿಕ್ ಸ್ಟಾರ್ಮ್. ಆಗ ಅದಕ್ಕೊಂದು ಹೆಸರೂ ಸಿಗುತ್ತದೆ. 222 ಕಿ.ಮೀ. ಮುಟ್ಟಿದರೆ ಸೂಪರ್ ಸೈಕ್ಲೋನ್.

2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಅರಬ್ಬಿ ಸಮುದ್ರದಲ್ಲಿ ನಮ್ಮ ಕರಾವಳಿಯ ಪಕ್ಕದಲ್ಲೇ ಉತ್ತರಕ್ಕೆ ಸಾಗಿತು. ಈ ಹೆಸರು ಕೊಟ್ಟದ್ದು ಮ್ಯಾನ್ಮಾರ್ ದೇಶ. ಒಂದು ಬಗೆಯ ಹಲ್ಲಿಯ ಹೆಸರದು. ಅಲೆಗಳು ದಡ ಕೊರೆದವು, ಮನೆಗಳಿಗೆ ಹಾನಿಯಾಯಿತು. ಕಾಪು ಬಳಿಯ ಸಮುದ್ರದಲ್ಲಿ ಬಂಡೆಗಳ ನಡುವೆ ಸಿಕ್ಕಿದ್ದ ಒಂದು ಟಗ್‌ನಿಂದ 9 ಜನರನ್ನು ಪಾರುಮಾಡಲಾಯಿತು. ಆದರೂ ಒಂದು ದೊಡ್ಡ ವ್ಯತ್ಯಾಸವಿತ್ತು. ಕೋರಿಂಗದ ಜನರಿಗೆ ಮೊದಲು ಬಂದದ್ದು ನೀರು. ನಮಗೆ ಮೊದಲು ಬಂದದ್ದು ಪದ. ಗಾಳಿ ತಲುಪುವ ಮುಂಚೆಯೇ ರೇಡಿಯೋ, ಟಿ.ವಿ., ಮೊಬೈಲ್‌ಗಳಲ್ಲಿ ಸೈಕ್ಲೋನ್ ಎಂಬ ಎಚ್ಚರಿಕೆ ಬಂದಿತ್ತು. ಕಡಲಿಗೆ ಇಳಿಯಬೇಡಿ ಎಂದು ಮೀನುಗಾರರಿಗೆ ತಿಳಿಸಲಾಗಿತ್ತು.

ನೀವೇ ಮಾಡಿ ನೋಡಿ

1. ಪಾರದರ್ಶಕ ಪ್ಲಾಸ್ಟಿಕ್ ಹಾಳೆಯ ಮೇಲೆ ಒಂದು ವೃತ್ತ ಬರೆಯಿರಿ. ಅದರ ಮೇಲೆ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ಬಾಣದ ಗುರುತು ಹಾಕಿ. ಇದೇ ನಿಮ್ಮ ಕೊಂಬಿನ ಹಾಳೆ. ಕರ್ನಾಟಕದ ನಕ್ಷೆಯಲ್ಲಿ ಮಲ್ಪೆಯನ್ನು ಗುರುತಿಸಿ. ಮಲ್ಪೆಯ ಗುರುತು ವೃತ್ತದ ಗೆರೆಯ ಹತ್ತಿರ ಬರುವಂತೆ ಹಾಳೆಯನ್ನು ಸಮುದ್ರದ ಮೇಲಿಟ್ಟು ನಿಧಾನವಾಗಿ ಉತ್ತರಕ್ಕೆ ಸರಿಸಿ. ನಡು ನೈಋತ್ಯದಲ್ಲಿರುವಾಗ ಮಲ್ಪೆಗೆ ಆಗ್ನೇಯದಿಂದ ಗಾಳಿ. ನೇರ ಪಶ್ಚಿಮಕ್ಕೆ ಬಂದಾಗ ದಕ್ಷಿಣದಿಂದ ಗಾಳಿ. ವಾಯವ್ಯಕ್ಕೆ ಹೋದಾಗ ನೈಋತ್ಯದಿಂದ ಗಾಳಿ. ಹೌದೇ, ಪರೀಕ್ಷಿಸಿ. ಗಾಳಿಗೆ ಮುಖ ಮಾಡಿ ನಿಂತಂತೆ ಊಹಿಸಿಕೊಳ್ಳಿ. ಪ್ರತಿ ಸಲವೂ ಚಂಡಮಾರುತದ ನಡು ನಿಮ್ಮ ಬಲಗೈ ಕಡೆಗೇ ಇರುತ್ತದೆ!

2. ತರಗತಿಯ ಹವಾಮಾನ ಪಟ್ಟಿಗೆ ಈ ಪದಗಳನ್ನೂ ಸೇರಿಸಿ.
ಡ್ರಿಜಲ್: ತುಂತುರು ಮಳೆ, ಹನಿಯ ಗಾತ್ರ ಅರ್ಧ ಮಿ.ಮೀ.ಗಿಂತ ಕಡಿಮೆ.
ಶವರ್: ಒಮ್ಮೆಲೇ ಬಂದು ಒಮ್ಮೆಲೇ ನಿಲ್ಲುವ ಮಳೆ.
ಹೆವಿ ರೇನ್: 24 ಗಂಟೆಗಳಲ್ಲಿ 64.5 ಮಿ.ಮೀ. ಅಥವಾ ಅದಕ್ಕಿಂತ ಹೆಚ್ಚು ಮಳೆ.
ಫಾಗ್: 1 ಕಿ.ಮೀ. ದೂರದಾಚೆ ಏನೂ ಕಾಣದಷ್ಟು ದಟ್ಟ ಮಂಜು.
ಸೀ ಬ್ರೀಜ್: ಹಗಲಿನಲ್ಲಿ ಕಡಲಿನಿಂದ ದಡಕ್ಕೆ ಬೀಸುವ ಗಾಳಿ.
ಗೇಲ್: ಗಂಟೆಗೆ ಸುಮಾರು 62 ಕಿ.ಮೀ. ದಾಟಿದ ಬಿರುಗಾಳಿ.

ಪ್ರತಿದಿನ ಬೆಳಿಗ್ಗೆ ಪದ ಬರೆಯುವ ಮೊದಲು ಹೊರಗೆ ಹೋಗಿ ಆಕಾಶ ನೋಡಿ. ಗಾಳಿ ಯಾವ ದಿಕ್ಕಿನಿಂದ ಬರುತ್ತಿದೆ ಎಂದು ಗಮನಿಸಿ. ಅದಕ್ಕೆ ಮನೆಯಲ್ಲಿ ಅಜ್ಜ ಅಜ್ಜಿ ಏನು ಹೇಳುತ್ತಾರೆ ಎಂದು ಕೇಳಿ ಅದನ್ನೂ ಪಕ್ಕದಲ್ಲಿ ಬರೆದುಕೊಳ್ಳಿ. ಪಿಡಿಂಗ್ಟನ್ ಮೊದಲು ನೋಡಿದನು, ಆಮೇಲೆ ಹೆಸರಿಟ್ಟನು. ನಾವೂ ಹಾಗೆಯೇ ಕಲಿತರೆ ಪದ ಮರೆಯುವುದಿಲ್ಲ, ಎಚ್ಚರಿಕೆ ಬಂದ ದಿನ ಅದನ್ನು ಅರ್ಥ ಮಾಡಿಕೊಂಡು ಮನೆಯವರಿಗೂ ತಿಳಿಸಬಹುದು.